ಜಾಹೀರಾತು ವಿನಿಮಯ: ಹಣವಿಲ್ಲದ ವಹಿವಾಟಿಗೂ ಲೆಕ್ಕವುಂಟು

ಜಾಹೀರಾತಿಗೆಂದು ಹೆಚ್ಚಿನ ಹಣ ತೆಗೆದಿರಿಸಲಾಗದ ಸಣ್ಣ ಉದ್ದಿಮೆದಾರರಿಗೆ ತಮ್ಮ ಜಾಲತಾಣದತ್ತ ಗ್ರಾಹಕರನ್ನು ಸೆಳೆಯುವುದು ಸುಲಭವಲ್ಲ. ಒಬ್ಬರ ಜಾಹೀರಾತನ್ನು ಮತ್ತೊಬ್ಬರು ತಮ್ಮ ತಾಣದಲ್ಲಿ ಪ್ರದರ್ಶಿಸುವ ವಿನಿಮಯ ಪದ್ಧತಿಯು ಇದಕ್ಕೊಂದು ಪರಿಹಾರ. ಆದರೆ ಇದು ಉಚಿತವೆಂದು ಭಾವಿಸುವುದು ಸರಿಯಲ್ಲ.

ಈ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿದ್ದು ಅಮೆರಿಕದ ಲಿಂಕ್‌ಎಕ್ಸ್‌ಚೇಂಜ್. ಟೋನಿ ಶೇ ಮತ್ತು ಸಂಜಯ್ ಮದನ್ 1996ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯನ್ನು 1998ರಲ್ಲಿ ಮೈಕ್ರೋಸಾಫ್ಟ್ ಸುಮಾರು 26.5 ಕೋಟಿ ಡಾಲರ್‌ಗಳಿಗೆ ಖರೀದಿಸಿತು. ಸದಸ್ಯ ತಾಣವು ಇತರರ ಜಾಹೀರಾತನ್ನು ಎರಡು ಬಾರಿ ತೋರಿಸಿದರೆ, ಅದರ ಜಾಹೀರಾತು ಬೇರೆಡೆ ಒಂದು ಬಾರಿ ಪ್ರಕಟವಾಗುತ್ತಿತ್ತು. ಉಳಿದ ಅರ್ಧಭಾಗವನ್ನು ಸಂಸ್ಥೆಯು ಹಣ ಕೊಡುವ ಜಾಹೀರಾತುದಾರರಿಗೆ ಮಾರುತ್ತಿತ್ತು. ಅದೇ ಮಧ್ಯವರ್ತಿಯ ಆದಾಯ.

ಇದನ್ನು ಒಂದು ಉದಾಹರಣೆಯಿಂದ ಪರಿಶೀಲಿಸಬಹುದು. ತಾಣವೊಂದು 10,000 ಬಾರಿ ಇತರರ ಜಾಹೀರಾತು ತೋರಿಸಿತೆಂದೂ, ನೂರಕ್ಕೆ ಒಬ್ಬರು ಅದನ್ನು ಒತ್ತುವರೆಂದೂ ಭಾವಿಸೋಣ. ಆಗ 100 ಮಂದಿ ಹೊರಹೋಗುತ್ತಾರೆ. ಪ್ರತಿಯಾಗಿ ದೊರೆತ 5,000 ಪ್ರದರ್ಶನಗಳಿಂದ ಬರುವವರು 50 ಮಂದಿ ಮಾತ್ರ. ಬಂದವರಲ್ಲಿ ಸರಕು ಕೊಳ್ಳುವವರೆಷ್ಟು ಎಂಬುದರ ಮೇಲೆಯೇ ಲಾಭ-ನಷ್ಟ ನಿಂತಿದೆ. ಆದ್ದರಿಂದ ಪೂರಕ ಸರಕಿನ ವರ್ತಕರೊಡನೆ ನೇರವಾಗಿ, ಸಮಪ್ರಮಾಣದಲ್ಲಿ ವಿನಿಮಯ ಮಾಡಿಕೊಳ್ಳುವುದು ಲೇಸು. ಪಂಪ್‌ಸೆಟ್ ತಯಾರಕರಿಗೆ ಪೈಪು ಮಾರಾಟಗಾರರ ತಾಣದಿಂದ ಬರುವ ಹತ್ತು ಮಂದಿ, ಸಂಬಂಧವಿಲ್ಲದ ತಾಣಗಳಿಂದ ಬರುವ ನೂರು ಮಂದಿಗಿಂತ ಹೆಚ್ಚು ಉಪಯುಕ್ತರಾಗಬಲ್ಲರು.

ಇನ್ನೆರಡು ವಿಷಯಗಳಲ್ಲಿ ಎಚ್ಚರಿಕೆ ಅವಶ್ಯ. ಹುಡುಕಾಟದ ಫಲಿತಾಂಶಗಳಲ್ಲಿ ಮೇಲೇರುವ ಉದ್ದೇಶದಿಂದ ಮಿತಿಮೀರಿ ಕೊಂಡಿಗಳನ್ನು ವಿನಿಮಯ ಮಾಡಿಕೊಳ್ಳುವುದು ಗೂಗಲ್‌ನ ನಿಯಮಗಳಿಗೆ ವಿರುದ್ಧ. ತಾಣದ ಸ್ಥಾನವೇ ಕುಸಿಯಬಹುದು. ಜಾಹೀರಾತಿನ ಕೊಂಡಿಗಳಿಗೆ 'ಸ್ಪಾನ್ಸರ್ಡ್' ಎಂಬ ಗುರುತನ್ನು ಸಂಕೇತದಲ್ಲಿ ಸೇರಿಸುವಂತೆ ತಾಣ ನಿರ್ಮಾಪಕರಿಗೆ ತಿಳಿಸಬೇಕು.

ಎರಡನೆಯದು ತೆರಿಗೆ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 7ನೇ ಕಲಮಿನಲ್ಲಿ 'ಪೂರೈಕೆ' ಎಂಬುದು ವಿನಿಮಯವನ್ನೂ ಒಳಗೊಂಡಿದೆ. ಪ್ರತಿಫಲವು ಪೂರ್ಣವಾಗಿ ಹಣದ ರೂಪದಲ್ಲಿ ಇಲ್ಲದಿದ್ದರೆ, ನಿಯಮ 27ರನ್ವಯ ಮೊದಲಿಗೆ ಮುಕ್ತ ಮಾರುಕಟ್ಟೆಯ ಮೌಲ್ಯವನ್ನು ಪರಿಗಣಿಸಬೇಕಾಗುತ್ತದೆ. ನೋಂದಾಯಿತ ವರ್ತಕರು ಈ ಕುರಿತು ತಮ್ಮ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಉತ್ತಮ.

ಅವಧಿ, ಜಾಹೀರಾತಿನ ಸ್ಥಳ ಮತ್ತು ಪ್ರದರ್ಶನಗಳ ಸಂಖ್ಯೆಯನ್ನು ಲಿಖಿತ ಒಪ್ಪಂದದಲ್ಲಿ ನಮೂದಿಸಿ, ಪ್ರತಿ ತಿಂಗಳೂ ಬಂದ ವಿಚಾರಣೆಗಳನ್ನು ದಾಖಲಿಸಿದಲ್ಲಿ, ಒಪ್ಪಂದವನ್ನು ಮುಂದುವರಿಸಬೇಕೇ ಬೇಡವೇ ಎಂಬುದು ಆ ದಾಖಲೆಯಿಂದಲೇ ತಿಳಿಯುತ್ತದೆ.