ನಾಯಿಯ ಉಣುಗು, ಮನೆಯ ಗೋಡೆ

ಕಾವಲು ನಾಯಿ ಅನ್ನ ಮುಟ್ಟದೆ ಮೂಲೆ ಹಿಡಿದು ಮಲಗಿತೆಂದರೆ ನಮ್ಮ ತಾಳವಾಡಿಯ ಕಡೆ ಕೇಳಿಬರುವ ಮಾತು ಎರಡೇ: ಬಿಸಿಲು ತಾಕಿತು, ಇಲ್ಲವೆ ಯಾರೋ ವಿಷವಿಕ್ಕಿದರು. ಅದರ ಕಿವಿಯ ಮಡಿಕೆಯಲ್ಲಿ ಹರಳುಬೀಜದಂತೆ ಉಬ್ಬಿ ಕುಳಿತ ಉಣುಗಿನ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ.

ಉಣುಗು ರಕ್ತ ಹೀರುವಾಗ ಬೆಬೀಸಿಯ ಎಂಬ ಸೂಕ್ಷ್ಮ ಪರೋಪಜೀವಿ ನಾಯಿಯ ದೇಹವನ್ನು ಸೇರಬಲ್ಲದು. ಅದು ಕೆಂಪು ರಕ್ತಕಣವನ್ನು ಹೊಕ್ಕು, ಅಲ್ಲಿಯೇ ವೃದ್ಧಿಯಾಗಿ, ಕಣವನ್ನು ಒಡೆಯುತ್ತದೆ. ಜ್ವರ ಏರುತ್ತದೆ, ವಸಡು ಬಿಳಿಚುತ್ತದೆ, ಕೆಲವು ನಾಯಿಗಳ ಮೂತ್ರ ಕಷಾಯದ ಬಣ್ಣಕ್ಕೆ ತಿರುಗುತ್ತದೆ.

ದನಗಳ ಜ್ವರವನ್ನು ಉಣುಗು ಹರಡುವುದೆಂದು ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿಯೇ ಸಿದ್ಧಪಡಿಸಿದ್ದರು. ನಾಯಿಗಳ ಗಿಬ್ಸೋನಿ ಎಂಬ ಚಿಕ್ಕ ಜಾತಿಯಂತೂ ನಮಗೆ ದೂರದ್ದಲ್ಲ. 1910ರಲ್ಲಿ ಪ್ಯಾಟನ್ ಅದನ್ನು ಮೊದಲು ವರ್ಣಿಸಿದ್ದು ಮದರಾಸಿನ ಬೇಟೆನಾಯಿಗಳ ರಕ್ತದಲ್ಲಿ. ಬಳಿಕ ನರಿಯ ರಕ್ತದಲ್ಲಿಯೂ ಅದು ದೊರೆಯಿತು. ಮುಂದೆ ಅದು ಜಪಾನ್, ಅಮೆರಿಕ, ಆಸ್ಟ್ರೇಲಿಯಗಳಲ್ಲಿಯೂ ಕಾಣಿಸಿಕೊಂಡಿತು. ಕಾದಾಟಕ್ಕೆ ಬಿಡುವ ನಾಯಿಗಳಲ್ಲಿ ಕಚ್ಚಿದ ಗಾಯದ ಮೂಲಕವೂ, ಉಣುಗಿನ ಹಂಗಿಲ್ಲದೆ, ಅದು ದಾಟುವುದುಂಟು. ಮನುಷ್ಯನ ವಿನೋದಕ್ಕೆ ಮೂಕಪ್ರಾಣಿ ತೆತ್ತ ಬೆಲೆ!

ವೋಗೆಲಿ ಎಂಬ ಇನ್ನೊಂದು ಜಾತಿಯನ್ನು ಹರಡುವುದು ಕಂದುಬಣ್ಣದ ನಾಯಿಯುಣುಗು. ನಾಯಿಯ ಮೈಯಿಂದ ಉಣುಗುಗಳನ್ನು ಆರಿಸಿ ತೆಗೆದು ನಾವು ಕೆಲಸ ಮುಗಿಯಿತೆನ್ನುತ್ತೇವೆ. ಆದರೆ ಹೊಟ್ಟೆ ತುಂಬಿದ ಹೆಣ್ಣುಣುಗು ತಾನಾಗಿ ಉದುರಿ, ಗೋಡೆಯ ಬಿರುಕನ್ನೋ ಜಗಲಿಯ ಸಂದನ್ನೋ ಸೇರಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಮರಿ ಹುಟ್ಟಿದಾಗ ಆರು ಕಾಲು, ಪೊರೆ ಕಳಚಿದ ಮೇಲೆ ಎಂಟು. ಪ್ರತಿ ಹಂತದಲ್ಲಿಯೂ ಅದು ನಾಯಿಯನ್ನೇರಿ ರಕ್ತವುಂಡು ಮತ್ತೆ ಕೆಳಗಿಳಿಯುತ್ತದೆ. ಬೆಳೆದ ಮೇಲೆ ತಿಂಗಳುಗಟ್ಟಲೆ ಉಪವಾಸವನ್ನೂ ತಡೆಯಬಲ್ಲದು. ಆದುದರಿಂದ ಬಿರುಕುಗಳನ್ನು ಮುಚ್ಚುವುದೂ, ನಾಯಿ ಮಲಗುವ ಗೋಣಿಯನ್ನು ಕುದಿನೀರಿನಲ್ಲಿ ಒಗೆಯುವುದೂ ಚಿಕಿತ್ಸೆಯ ಭಾಗವೇ.

ಉಣುಗು ಕಚ್ಚಿದೊಡನೆ ರೋಗ ದಾಟುವುದಿಲ್ಲ. ಸಾಮಾನ್ಯವಾಗಿ ಎರಡು ಮೂರು ದಿನ ಅದು ಅಂಟಿಕೊಂಡಿರಬೇಕು. ದಿನಕ್ಕೊಮ್ಮೆ ಕಿವಿ, ಕೊರಳು, ಕಾಲ್ಬೆರಳ ಸಂದುಗಳನ್ನು ನೋಡಿದರೆ ಬಹಳಷ್ಟು ಅಪಾಯ ತಪ್ಪುವುದು. ಕಂಡ ಉಣುಗನ್ನು ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಬೇಕು. ಮಕ್ಕಳು ಅದನ್ನು ಉಗುರಿನಲ್ಲಿ ಹಿಸುಕಲು ಬಿಡಬಾರದು.

ಒಂದು ಮಾತನ್ನು ಕಟುವಾಗಿಯೇ ಹೇಳಬೇಕಾಗಿದೆ. ಬೆಳೆಗೆ ಹೊಡೆಯುವ ಔಷಧವನ್ನು ನಾಯಿಯ ಮೈಗೆ ಬಳಿಯುವವರಿದ್ದಾರೆ. ನಾಯಿ ಮೈ ನೆಕ್ಕುವ ಪ್ರಾಣಿ. ಉಣುಗಿಗಿಂತ ಮೊದಲು ಅದೇ ಸಾಯಬಹುದು. ಪಶುವೈದ್ಯರು ಕಿವಿಯಂಚಿನ ಒಂದು ತೊಟ್ಟು ರಕ್ತವನ್ನು ಗಾಜಿನ ಮೇಲೆ ಸವರಿ ಪರೀಕ್ಷಿಸುವರು. ವೋಗೆಲಿಗೆ ನಾಟುವ ಔಷಧ ಗಿಬ್ಸೋನಿಗೆ ಅಷ್ಟಾಗಿ ನಾಟದಾದ್ದರಿಂದ ಜಾತಿ ತಿಳಿಯುವುದು ಅಗತ್ಯ. ಗಿಬ್ಸೋನಿಯಿಂದ ಚೇತರಿಸಿಕೊಂಡ ನಾಯಿಯ ರಕ್ತದಲ್ಲಿ ಅದು ಅಡಗಿಯೇ ಉಳಿಯುವುದುಂಟು. ಅಂಥ ನಾಯಿಯ ಮೈಯನ್ನು ಮುಂದೆಯೂ ದಿನಂಪ್ರತಿ ನೋಡುತ್ತಿರಬೇಕು.