ಲೆಕ್ಕದ ಪುಸ್ತಕದಲ್ಲಿ ಸಿಕ್ಕಿಬಿದ್ದ ಕಾಯಿಲೆ

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಸಂಜೆ ಲೆಕ್ಕದಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ಲೆಡ್ಜರುಗಳನ್ನೆಲ್ಲ ಮತ್ತೆ ತೆರೆಯುತ್ತಿದ್ದೆವು. "ಹತ್ತು ಪೈಸೆ ತಾನೇ, ನಾನೇ ಹಾಕ್ತೀನಿ ಬಿಡಿ ಸಾರ್" ಎಂದರೆ ಮ್ಯಾನೇಜರು ಒಪ್ಪುತ್ತಿರಲಿಲ್ಲ. "ಅದರ ಹಿಂದೆ ಹತ್ತು ಸಾವಿರದ ತಪ್ಪು ಅಡಗಿರಬಹುದು ಕಣಯ್ಯಾ" ಎನ್ನುತ್ತಿದ್ದರು. ವೈದ್ಯರೂ ಹೀಗೆ ಒಂದು ಸಣ್ಣ ವ್ಯತ್ಯಾಸದ ಬೆನ್ನು ಹತ್ತಿದ ಕಥೆಯನ್ನು ಇವತ್ತು ಹೇಳುತ್ತೇನೆ.

ಕ್ಯಾನ್ಸರಿನಿಂದಾಗಿ ಸ್ತನ ತೆಗೆಸಿಕೊಂಡ ಹೆಂಗಸರಿಗೆ ಆ ಜಾಗದಲ್ಲಿ ಸಿಲಿಕೋನ್ ಚೀಲವೊಂದನ್ನು ಇಡುವುದುಂಟು. ಇದಕ್ಕೆ ಇಂಪ್ಲಾಂಟ್ ಎನ್ನುತ್ತಾರೆ. ಅಂದಕ್ಕಾಗಿ ಇಡಿಸಿಕೊಳ್ಳುವವರೂ ಇದ್ದಾರೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ 1962ರಲ್ಲಿ ಇದು ಶುರುವಾಯಿತು. ಚೀಲ ಜಾರದೆ ನಿಲ್ಲಲಿ ಎಂದು ಮುಂದೆ ಕೆಲವು ಕಂಪನಿಗಳು ಅದರ ಹೊರಮೈಯನ್ನು ಒರಟು ಮಾಡಿದವು.

ಹೊರಗಿನ ವಸ್ತು ಒಳಗೆ ಬಂದರೆ ನಮ್ಮ ದೇಹ ಅದರ ಸುತ್ತ ಪೊರೆ ಕಟ್ಟುತ್ತದೆ. ಮಕ್ಕಳೇ, ಬಿಳಿ ರಕ್ತಕಣಗಳು ದೇಹದ ಕಾವಲುಗಾರರು ಎಂದು ಪಾಠದಲ್ಲಿ ಓದಿದ್ದೀರಲ್ಲ? ತೀರಾ ಅಪರೂಪಕ್ಕೆ, ಆ ಪೊರೆಯೊಳಗೆ ಒಂದು ಬಗೆಯ ಬಿಳಿ ಕಣವೇ ದಾರಿ ತಪ್ಪಿ ಮಿತಿಮೀರಿ ಬೆಳೆಯುತ್ತದೆ. ಅದೇ ಲಿಂಫೋಮಾ. ಇದು ಸ್ತನ ಕ್ಯಾನ್ಸರ್ ಅಲ್ಲ, ರೋಗನಿರೋಧಕ ವ್ಯವಸ್ಥೆಯ ಕ್ಯಾನ್ಸರ್.

1997ರಲ್ಲಿ ಇಂಥ ಒಬ್ಬ ರೋಗಿಯ ವಿಷಯವನ್ನು ವೈದ್ಯರು ಮೊದಲು ಪ್ರಕಟಿಸಿದರು. ಒಬ್ಬರಿಂದ ಏನು ತಿಳಿದೀತು? ನೆದರ್ಲೆಂಡ್ಸ್‌ನಲ್ಲಿ ರೋಗಪರೀಕ್ಷೆಯ ವರದಿಗಳೆಲ್ಲ ಒಂದೇ ಕಡೆ ಸೇರುತ್ತವೆ. ಅಲ್ಲಿನ ತಜ್ಞರು 1990ರಿಂದ 2006ರವರೆಗಿನ ದಾಖಲೆ ತೆಗೆದು ನೋಡಿದರು. ಸ್ತನದಲ್ಲಿ ಈ ಬಗೆಯ ಲಿಂಫೋಮಾ ಬಂದವರು 11 ಮಂದಿ ಸಿಕ್ಕರು. ಅವರಲ್ಲಿ 5 ಮಂದಿಗೆ ಇಂಪ್ಲಾಂಟ್ ಇತ್ತು! ಇದು 2008ರಲ್ಲಿ ಪ್ರಕಟವಾಯಿತು. 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಕೊಟ್ಟಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿತು.

2019ರ ಜುಲೈ ಹೊತ್ತಿಗೆ ಅಮೆರಿಕದ ಆ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಾದ್ಯಂತ 573 ರೋಗಿಗಳು, 33 ಸಾವು. ಹೆಚ್ಚಿನವು ಒಂದೇ ಬಗೆಯ ಒರಟು ಇಂಪ್ಲಾಂಟಿನತ್ತ ಬೆರಳು ಮಾಡಿದವು. ಸಂಸ್ಥೆ ಕೇಳಿದ ಮೇಲೆ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಇಂಪ್ಲಾಂಟುಗಳನ್ನು ಎಲ್ಲ ದೇಶಗಳಿಂದ ವಾಪಸು ಪಡೆಯಿತು.

ಇಂಪ್ಲಾಂಟ್ ಇರುವವರು ಹೆದರಬೇಕಾಗಿಲ್ಲ. ತೊಂದರೆ ಕಾಣದವರು ಅದನ್ನು ತೆಗೆಸಬೇಕಿಲ್ಲ ಎಂದು ಆ ಸಂಸ್ಥೆಯೇ ಹೇಳಿದೆ. ಆದರೆ ಎಷ್ಟೋ ವರ್ಷಗಳ ಮೇಲೆ ಒಂದು ಕಡೆ ಊತ, ಗಂಟು ಅಥವಾ ನೋವು ಕಂಡರೆ ವೈದ್ಯರಿಗೆ ತೋರಿಸಬೇಕು. ಒಳಗೆ ತುಂಬಿದ ನೀರನ್ನು ತೆಗೆದು ಪರೀಕ್ಷಿಸುತ್ತಾರೆ. ಬೇಗ ಗೊತ್ತಾದರೆ ಚೀಲವನ್ನೂ ಪೊರೆಯನ್ನೂ ಪೂರ್ತಿ ತೆಗೆಯುವುದರಿಂದಲೇ ಹೆಚ್ಚಿನವರು ಗುಣವಾಗುತ್ತಾರೆ. ಯಾವ ಇಂಪ್ಲಾಂಟ್ ಎಂದು ಬರೆದ ಆಸ್ಪತ್ರೆಯ ಚೀಟಿಯನ್ನು ಪಾಸ್‌ಬುಕ್ಕಿನಂತೆ ಜೋಪಾನವಾಗಿಡಬೇಕು.

ಇಂಪ್ಲಾಂಟ್ ಇರಲಿ ಬಿಡಲಿ, ನಮ್ಮ ಮನೆಗಳಲ್ಲಿ ಅಜ್ಜಿ, ಅಮ್ಮಂದಿರು ಎದೆಯ ಗಂಟು, ನೋವಿನ ಮಾತನ್ನು ಸಂಕೋಚದಿಂದ ನುಂಗಿಕೊಳ್ಳುತ್ತಾರೆ. ಮಕ್ಕಳೇ, ಅವರು ಯಾಕೋ ಸಪ್ಪಗಿದ್ದರೆ ಪಕ್ಕದಲ್ಲಿ ಕೂತು "ಏನಾಯ್ತು?" ಎಂದು ಕೇಳಿ. ಆ ದೂರದ ಹೆಂಗಸರು ವೈದ್ಯರಿಗೆ ಹೇಳಿಕೊಂಡಿದ್ದರಿಂದಲೇ ಈ ಲೆಕ್ಕ ಹೊಂದಿತು. ಹೇಳದ ನೋವು ಯಾವ ಪುಸ್ತಕದಲ್ಲೂ ಜಮಾ ಆಗುವುದಿಲ್ಲ.