ಎತ್ತರದ ಹುಡುಗರು, ಬಾಯಿಮಾತಿನ ಒಪ್ಪಂದ

ಸರ್ಕಾರಿ ಸೇವೆಯ ಬಹುಭಾಗವನ್ನು ನಾನು ಕಳೆದದ್ದು ಅಂದಿನ ಹೈದರಾಬಾದ್ ಕರ್ನಾಟಕದಲ್ಲಿ, 2019ರಿಂದ ಕಲ್ಯಾಣ ಕರ್ನಾಟಕವೆಂದು ಕರೆಯಲಾಗುತ್ತಿರುವ ಪ್ರದೇಶದಲ್ಲಿ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದೂಳನ್ನು ಬೇರೆ ಬೇರೆ ಹುದ್ದೆಗಳಲ್ಲಿದ್ದು ಕುಡಿದವನು ನಾನು. ಕ್ರೀಡಾಕೂಟಗಳಿಗೆ ಹೋಗಿ ಬಹುಮಾನ ವಿತರಿಸುವುದು, ನಾಲ್ಕು ಹಿತವಚನ ಹೇಳುವುದು ಅಧಿಕಾರಿಯಾದವನ ಅಲಿಖಿತ ಕರ್ತವ್ಯ. ಹನ್ನೆರಡು ಹದಿಮೂರು ವರ್ಷಗಳ ಹಿಂದೆ ಅಂಥದೊಂದು ಸಮಾರಂಭದಲ್ಲಿ ಜೇವರ್ಗಿ ತಾಲ್ಲೂಕಿನ ಭೀಮಾ ತೀರದ ಹಳ್ಳಿಯ ಹುಡುಗನೊಬ್ಬನಿಗೆ ಪ್ರಶಸ್ತಿಪತ್ರ ಕೊಟ್ಟೆ. ಕೊಡಲು ನಾನು ತಲೆ ಎತ್ತಿ ನೋಡಬೇಕಾಯಿತು. ಆರಡಿಗೂ ಮೀರಿದ ಎತ್ತರ. ಹುಡುಗ ಆಡುತ್ತಿದ್ದದ್ದು ವಾಲಿಬಾಲ್. ಆದರೆ ದೂರದ ನಗರದ ಖಾಸಗಿ ಕಾಲೇಜೊಂದರ ತರಬೇತುದಾರರು ಅವನ ಎತ್ತರ ಕಂಡು, ತಮ್ಮ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಬೇಕೆಂದು ಕೇಳಿದ್ದರು. ಶುಲ್ಕವಿಲ್ಲ, ಹಾಸ್ಟೆಲ್ ಉಚಿತ, ಊಟ ಉಚಿತ, ವರ್ಷಕ್ಕೆ ಎರಡು ಜೊತೆ ಬೂಟು. ತಂದೆ ಹಿಂದೆಮುಂದೆ ನೋಡುತ್ತಿದ್ದರು. ‘ಧೈರ್ಯವಾಗಿ ಕಳಿಸಿರಿ’ ಎಂದವನು ನಾನು.

ಎರಡು ವರ್ಷಗಳ ಬಳಿಕ ಅದೇ ತಂದೆ ನನ್ನ ಕಚೇರಿಯ ಬಾಗಿಲಲ್ಲಿ ನಿಂತಿದ್ದರು. ಹುಡುಗನ ಮೊಣಕಾಲಿಗೆ ಪೆಟ್ಟಾಗಿ ಆಟ ನಿಂತಿತ್ತು. ಆಟ ನಿಂತ ಮೇಲೆ ರಿಯಾಯಿತಿಯೂ ಇಲ್ಲವೆಂದ ಕಾಲೇಜು, ಎರಡು ವರ್ಷದ ಹಾಸ್ಟೆಲ್ ಬಾಕಿಯ ಲೆಕ್ಕ ಕೊಟ್ಟಿತ್ತು. ಹಣ ಕಟ್ಟುವವರೆಗೆ ಮೂಲ ಅಂಕಪಟ್ಟಿಯಾಗಲಿ ವರ್ಗಾವಣೆ ಪತ್ರವಾಗಲಿ ಸಿಗುವುದಿಲ್ಲವೆಂದಿತ್ತು. ‘ಅವರು ಏನಾದರೂ ಬರೆದುಕೊಟ್ಟಿದ್ದರೇನು?’ ಎಂದು ಅಧಿಕಾರಿಯ ರೂಢಿಯಂತೆ ಕೇಳಿದೆ. ‘ಕಾಗದ ಯಾರ ಕೇಳ್ತಾರ್ರಿ ಸಾಹೇಬ್ರ? ನೀವು ಹೇಳೀರಿ ಅಂತ ಕಳಿಸೀನ್ರಿ’ ಎಂದರು. ಅವರ ದನಿಯಲ್ಲಿ ಆಕ್ಷೇಪಣೆಯೇನೂ ಇರಲಿಲ್ಲ. ಅದೇ ಕಾರಣಕ್ಕೆ ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಪತ್ರ ಬರೆದೆ, ದೂರವಾಣಿ ಮಾಡಿದೆ; ಪ್ರಯೋಜನವಾಗಲಿಲ್ಲ. ಆ ಸಾಲಿನ ತೊಗರಿ ಮಾರಿದ ಹಣದಲ್ಲಿ ಬಾಕಿ ತೀರಿಸಿ ಅವರು ಮಗನ ಕಾಗದಪತ್ರ ಬಿಡಿಸಿಕೊಂಡರು. ಹುಡುಗನ ಓದಿನ ಒಂದು ವರ್ಷ ಹೋದದ್ದು ಹೋಯಿತು.

ಕಾಲೇಜು ಬ್ಯಾಸ್ಕೆಟ್‌ಬಾಲ್ ಎಂಬುದು ದೊಡ್ಡ ಉದ್ಯಮವೇ ಆಗಿರುವ ಅಮೆರಿಕದ ವಿದ್ಯಮಾನಗಳನ್ನು ಓದುವಾಗಲೆಲ್ಲ ಆ ತಂದೆ ನೆನಪಾಗುತ್ತಾರೆ. ಅಲ್ಲಿನ ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ಮೂಲ 1906ರಷ್ಟು ಹಳೆಯದು. ಅದರ ವಾರ್ಷಿಕ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಪ್ರಸಾರದ ಹಕ್ಕು 2010ರಲ್ಲಿ 14 ವರ್ಷಗಳಿಗೆ 1,080 ಕೋಟಿ ಡಾಲರ್‌ಗೆ ಮಾರಾಟವಾಯಿತು. ತರಬೇತುದಾರರಿಗೆ ಲಕ್ಷಾಂತರ ಡಾಲರ್ ಸಂಬಳ. ಆಡುವ ಹುಡುಗನಿಗೆ ಮಾತ್ರ ವಿದ್ಯಾರ್ಥಿವೇತನದ ಹೊರತು ಬಿಡಿಗಾಸೂ ಕೊಡಕೂಡದೆಂಬ ನಿಯಮ ದಶಕಗಳ ಕಾಲ ನಡೆಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರ ಹೆಸರು ಗೊತ್ತು: ಕೊಳ್ಳುವವರೆಲ್ಲ ಒಂದಾಗಿ ಬೆಲೆಯನ್ನು ಕೆಳಗೆ ಹಿಡಿದಿಡುವ ಕೂಟ. ನೊಬೆಲ್ ಪುರಸ್ಕೃತ ಗ್ಯಾರಿ ಬೆಕರ್ ಅವರಂಥ ಅರ್ಥಶಾಸ್ತ್ರಜ್ಞರು ಇದನ್ನು ಬಹಳ ಹಿಂದೆಯೇ ಹೇಳಿದ್ದರು.

ಬೆಲೆಯನ್ನು ಮುಂಬಾಗಿಲಲ್ಲಿ ತಡೆದರೆ ಅದು ಹಿತ್ತಿಲ ಬಾಗಿಲಿನಿಂದ ಬರುತ್ತದೆ. ಅಮೆರಿಕದಲ್ಲಿ ಆ ಹಿತ್ತಿಲ ಬಾಗಿಲು ಬೂಟು ಕಂಪನಿಗಳದು. 1970ರ ದಶಕದ ಕೊನೆಯಲ್ಲಿ ನೈಕಿ ಕಂಪನಿ ಕಾಲೇಜು ತರಬೇತುದಾರರಿಗೆ ಹಣ ಕೊಟ್ಟು ಅವರ ತಂಡಗಳಿಗೆ ತನ್ನ ಬೂಟು ತೊಡಿಸಲಾರಂಭಿಸಿತು. ಮುಂದೆ ಇಡೀ ವಿಶ್ವವಿದ್ಯಾಲಯಗಳ ಕ್ರೀಡಾ ವಿಭಾಗಗಳೇ ಕಂಪನಿಗಳೊಡನೆ ಒಪ್ಪಂದಕ್ಕೆ ಬಂದವು. 2017ರ ಆಗಸ್ಟ್‌ನಲ್ಲಿ ಲೂಯಿವಿಲ್ ವಿಶ್ವವಿದ್ಯಾಲಯ ಅಡಿಡಾಸ್ ಜೊತೆ 10 ವರ್ಷಗಳ, 16 ಕೋಟಿ ಡಾಲರ್ ಮೊತ್ತದ ಒಪ್ಪಂದ ಪ್ರಕಟಿಸಿತು. ಮರುತಿಂಗಳೇ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐ ನಡೆಸಿದ ತನಿಖೆಯ ಆಧಾರದಲ್ಲಿ, ಅಡಿಡಾಸ್ ಅಧಿಕಾರಿ ಜೇಮ್ಸ್ ಗ್ಯಾಟೊ ಮತ್ತು ನಾಲ್ವರು ಕಾಲೇಜು ಸಹಾಯಕ ತರಬೇತುದಾರರನ್ನೂ ಒಳಗೊಂಡಂತೆ ಹತ್ತು ಮಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು. ಕಂಪನಿಯ ಪ್ರಾಯೋಜಕತ್ವದ ಕಾಲೇಜನ್ನೇ ಸೇರಲೆಂದು ಒಬ್ಬ ಆಟಗಾರನ ತಂದೆಗೆ 1 ಲಕ್ಷ ಡಾಲರ್ ಕೊಡುವ ಏರ್ಪಾಡಾಗಿತ್ತೆಂಬುದು ಒಂದು ಆರೋಪ. 2018ರ ಅಕ್ಟೋಬರ್‌ನಲ್ಲಿ ಗ್ಯಾಟೊ ಮತ್ತಿಬ್ಬರು ತಪ್ಪಿತಸ್ಥರೆಂದು ತೀರ್ಪಾಯಿತು.

ಈ ಪ್ರಕರಣದ ವಿಪರ್ಯಾಸ ಗಮನಿಸಬೇಕಾದದ್ದು. ಕಾನೂನಿನ ಕಣ್ಣಿನಲ್ಲಿ ಮೋಸ ಹೋದದ್ದು ವಿಶ್ವವಿದ್ಯಾಲಯ; ಅನರ್ಹನಾದ ಆಟಗಾರನಿಗೆ ಅರಿಯದೆ ವಿದ್ಯಾರ್ಥಿವೇತನ ಕೊಟ್ಟಿತೆಂಬುದೇ ಅಪರಾಧದ ತಿರುಳು. ಆದರೆ ಕಾಲೇಜು ತಂಡದ ಪರವಾಗಿ ಒಂದೂ ಪಂದ್ಯ ಆಡಲಾಗದೆ ಆಸ್ಟ್ರೇಲಿಯಾದ ವೃತ್ತಿಪರ ತಂಡವೊಂದನ್ನು ಅರಸಿ ಹೋದವನು ಆ ಹುಡುಗ.

ಅನಂತರ ಅಲ್ಲಿ ಗಾಳಿ ತಿರುಗಿತು. 2021ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಆಲ್‌ಸ್ಟನ್ ಪ್ರಕರಣದಲ್ಲಿ, ಶಿಕ್ಷಣಕ್ಕೆ ಸಂಬಂಧಿಸಿದ ಸವಲತ್ತುಗಳಿಗೆ ಎನ್‌ಸಿಎಎ ಮಿತಿ ಹೇರುವಂತಿಲ್ಲವೆಂದು ಸರ್ವಾನುಮತದಿಂದ ಹೇಳಿತು. ಮರುತಿಂಗಳಿನಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳ ಬಳಕೆಗೆ ಹಣ ಪಡೆಯಬಹುದಾಯಿತು. 2025ರ ಜೂನ್‌ನಲ್ಲಿ ಮತ್ತೊಂದು ಮೊಕದ್ದಮೆಯ ರಾಜಿಗೆ ನ್ಯಾಯಾಲಯ ಒಪ್ಪಿಗೆ ನೀಡಿದ ಮೇಲೆ, 2025-26ರ ಸಾಲಿಗೆ ಒಂದೊಂದು ವಿಶ್ವವಿದ್ಯಾಲಯ ಸುಮಾರು 2.05 ಕೋಟಿ ಡಾಲರ್‌ವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದಾಗಿದೆ. ಮೊನ್ನೆಯವರೆಗೆ ಕೊಟ್ಟರೆ ಅಪರಾಧವೆನಿಸಿದ್ದು ಇಂದು ಲೆಕ್ಕಪತ್ರದ ಬಾಬ್ತು!

ನಮ್ಮಲ್ಲಿ ಇಷ್ಟು ಹಣವೆಲ್ಲಿದೆ ಎಂದು ಓದುಗರು ಕೇಳಬಹುದು. ಮೊತ್ತ ಸಣ್ಣದು, ನಿಜ. ನಡೆಯುವ ಬಗೆ ಮಾತ್ರ ಅದೇ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಆತಿಥ್ಯ ವಹಿಸಿದ್ದ ಜೈನ್ ವಿಶ್ವವಿದ್ಯಾಲಯ ಪದಕ ಪಟ್ಟಿಯ ಅಗ್ರಸ್ಥಾನ ಪಡೆಯಿತು. ಪಂಜಾಬಿನ ಖಾಸಗಿ ವಿಶ್ವವಿದ್ಯಾಲಯವೊಂದು ಎರಡನೆಯ ಸ್ಥಾನದಲ್ಲಿತ್ತು. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಳ್ಳುವ ಯೋಜನೆಯಿಂದ ಮಂಗಳೂರು ವಿಶ್ವವಿದ್ಯಾಲಯದ ಅಥ್ಲೆಟಿಕ್ಸ್ ತಂಡಕ್ಕೆ ದೇಶದಲ್ಲಿ ಹೆಸರು ತಂದಿದೆ. ಇವನ್ನು ದೂರುವುದು ನನ್ನ ಉದ್ದೇಶವಲ್ಲ. ಸರ್ಕಾರ ಕಟ್ಟದ ಅಂಕಣವನ್ನು ಖಾಸಗಿಯವರು ಕಟ್ಟಿದ್ದಾರೆ, ಬಡವರ ಮಕ್ಕಳಿಗೆ ಅನ್ನ ಹಾಕಿದ್ದಾರೆ. ಆದರೆ ಪದಕವು ಪ್ರವೇಶಾತಿ ಜಾಹೀರಾತಿನ ಸರಕಾದಾಗ, ಪದಕ ತರುವ ಹುಡುಗನಿಗಾಗಿ ಪೈಪೋಟಿ ಹುಟ್ಟುವುದು ಮಾರುಕಟ್ಟೆಯ ಸಹಜ ಧರ್ಮ. ಪೈಪೋಟಿ ಇದ್ದಲ್ಲಿ ನಿಯಮವೂ ಇರಬೇಕು.

ಪ್ರಾಯೋಜಕರ ಹಣದ ಕಥೆಯೂ ಹೀಗೆಯೇ. 2010ರಲ್ಲಿ ಐಎಂಜಿ-ರಿಲಯನ್ಸ್ ಭಾರತೀಯ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ಜೊತೆ 30 ವರ್ಷಗಳ ಒಪ್ಪಂದ ಮಾಡಿಕೊಂಡಿತು. ಆ ವರ್ಷವೇ ಅದರ ವಿದ್ಯಾರ್ಥಿವೇತನದಿಂದ ಫ್ಲಾರಿಡಾಕ್ಕೆ ಹೋದ ಪಂಜಾಬಿನ ಹಳ್ಳಿಯ ಸತ್ನಾಮ್ ಸಿಂಗ್, 2015ರಲ್ಲಿ ಎನ್‌ಬಿಎ ತಂಡವೊಂದಕ್ಕೆ ಆಯ್ಕೆಯಾದ ಮೊದಲ ಭಾರತೀಯರೆನಿಸಿದರು. ಕಂಪನಿಯ ಹಣದಿಂದ ಒಳಿತಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಅದೇ 2015ರಲ್ಲಿ ಬೇರೊಬ್ಬ ಪ್ರವರ್ತಕರಿಂದ ಶುರುವಾದ ಯುಬಿಎ ವೃತ್ತಿಪರ ಲೀಗ್ ಕೆಲವೇ ಸರಣಿಗಳ ನಂತರ ನಿಂತುಹೋಯಿತು. ಪ್ರಾಯೋಜಕನಿಗೆ ಅದು ನಷ್ಟದ ಒಂದು ಬಾಬ್ತು. ಅದನ್ನೇ ನೆಚ್ಚಿದ ಆಟಗಾರನಿಗೆ ಅದು ಪ್ರಾಯದ ದಿನಗಳು. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ತಮ್ಮ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ವ್ಯಯಿಸಬೇಕು. ಗ್ರಾಮೀಣ ಕ್ರೀಡೆ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಆ ಪಟ್ಟಿಯಲ್ಲಿದೆ. ಆ ಹಣದಲ್ಲಿ ಭೀಮೆಯ ದಂಡೆಯವರೆಗೆ ಹರಿದುಬಂದದ್ದು ನನ್ನ ಸೇವಾವಧಿಯಲ್ಲಿ ಕಣ್ಣಿಗೆ ಬೀಳಲಿಲ್ಲ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ತನ್ನ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅದರಲ್ಲಿದ್ದವು. ಮುಂದೆ ಸಂವಿಧಾನದ 371ಜೆ ವಿಧಿಯಿಂದಾಗಿ ಈ ಭಾಗದ ಮಕ್ಕಳಿಗೆ ಕಾಲೇಜು ಸೀಟಿನಲ್ಲಿ ಪಾಲು ಸಿಕ್ಕಿತು. ಆಟದ ಮೈದಾನದ ಪಾಲು ಯಾವ ವಿಧಿಯಲ್ಲೂ ಇಲ್ಲ. ಮನೆಯ ಹತ್ತಿರ ತರಬೇತಿ ಸಿಗದ ಹುಡುಗ ಕರೆದವರ ಹಿಂದೆ ಹೋಗುತ್ತಾನೆ. ಕೊಳ್ಳುವವನಿಗೆ ಎಲ್ಲ ಗೊತ್ತಿದ್ದು ಮಾರುವವನಿಗೆ ಏನೂ ಗೊತ್ತಿಲ್ಲದ ಸಂತೆಯಲ್ಲಿ ನ್ಯಾಯವಾದ ಬೆಲೆ ಹುಟ್ಟುವುದಿಲ್ಲ. ತೊಗರಿ ಬೆಳೆಗಾರನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಗನ ವಿಷಯದಲ್ಲಿಯೂ ತಾನು ಅದೇ ಸಂತೆಯಲ್ಲಿ ನಿಂತಿದ್ದೇನೆಂದು ಮಾತ್ರ ಅವನಿಗೆ ಹೊಳೆಯುವುದಿಲ್ಲ.

ಕರ್ನಾಟಕವು 1984ರಲ್ಲಿಯೇ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ತಂದ ರಾಜ್ಯ. ವಿದ್ಯಾರ್ಥಿಯಿಂದ ಕಾಲೇಜು ಅಡ್ಡದಾರಿಯಲ್ಲಿ ಹಣ ಪಡೆಯಬಾರದೆಂದು ಅದು ಹೇಳುತ್ತದೆ. ಕಾಲೇಜೇ ವಿದ್ಯಾರ್ಥಿಗೆ ಆಮಿಷ ಒಡ್ಡಿ ಕರೆತಂದು, ಆಮೇಲೆ ಕೈಬಿಡುವ ಸಂದರ್ಭವನ್ನು ಆಗ ಯಾರೂ ಊಹಿಸಿರಲಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಅಮೆರಿಕದಂತೆ ಕೋಟಿಗಳನ್ನು ಹಂಚಬೇಕೆಂದು ನಾನು ಹೇಳುತ್ತಿಲ್ಲ. ಅವರ ಅನುಭವದಿಂದ ಒಂದು ಪಾಠ ಸಾಕು. 1973ರಲ್ಲಿ ಎನ್‌ಸಿಎಎ ಕ್ರೀಡಾ ವಿದ್ಯಾರ್ಥಿವೇತನವನ್ನು ಒಂದೊಂದೇ ವರ್ಷಕ್ಕೆ ಸೀಮಿತಗೊಳಿಸಿತು. ಆಟ ಕುಂದಿದವನನ್ನು ಮರುವರ್ಷ ಕೈಬಿಡಲು ಇದರಿಂದ ದಾರಿಯಾಯಿತು. ಬಹುವರ್ಷದ ವೇತನಕ್ಕೆ ಮತ್ತೆ ಅವಕಾಶವಾಗಲು 2012 ಬರಬೇಕಾಯಿತು. ಕ್ರೀಡೆಯ ಆಧಾರದ ಮೇಲೆ ಸೇರಿಸಿಕೊಂಡ ವಿದ್ಯಾರ್ಥಿಗೆ, ಗಾಯಗೊಂಡರೂ, ಪದವಿ ಮುಗಿಯುವವರೆಗೆ ರಿಯಾಯಿತಿ ಮುಂದುವರಿಯಬೇಕೆಂದು ನಮ್ಮ ವಿಶ್ವವಿದ್ಯಾಲಯಗಳು ಮೊದಲೇ ಷರತ್ತು ವಿಧಿಸಬಹುದು.

ಎರಡನೆಯದಾಗಿ, ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲವೆಂದು ಯುಜಿಸಿ 2018ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ನಾನು ಹೇಳಿದ ಹುಡುಗನಿಗೆ ಅದು ತಡವಾಗಿ ಬಂತು. ಇಂದಿನ ತಂದೆತಾಯಿಗಳಿಗಾದರೂ ಅದು ತಿಳಿದಿರಬೇಕು. ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ಅದನ್ನು ಕನ್ನಡದಲ್ಲಿ ಬರೆಸಲು ಹೆಚ್ಚಿನ ಖರ್ಚಿಲ್ಲ. ಮೂರನೆಯದಾಗಿ, ತಂಡಗಳಿಗೆ ಬರುವ ಪ್ರಾಯೋಜಕರ ಹಣವೆಷ್ಟು, ಅದರಲ್ಲಿ ತರಬೇತುದಾರರಿಗೆಷ್ಟು, ಆಟಗಾರರಿಗೆಷ್ಟು ಎಂಬ ಲೆಕ್ಕವನ್ನು ಕಾಲೇಜುಗಳು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಕೊನೆಯದಾಗಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಈ ಭಾಗದ ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಒಂದು ಒಳ್ಳೆಯ ಅಂಕಣವನ್ನೂ ಸಂಬಳ ಪಡೆಯುವ ಒಬ್ಬ ತರಬೇತುದಾರರನ್ನೂ ಒದಗಿಸಲಿ. ಊರಲ್ಲೇ ಆಡಿ ಬೆಳೆದ ಹುಡುಗ ಹೊರಗಿನವರೊಡನೆ ಗಟ್ಟಿಯಾಗಿ ಮಾತನಾಡಬಲ್ಲ.

ಇವೆಲ್ಲ ಆಗಲು ಕಾಲ ಬೇಕು. ಅಲ್ಲಿಯವರೆಗೆ ಒಂದು ಹಾಳೆ ಸಾಕು. ಶುಲ್ಕವೆಷ್ಟು ಬಿಟ್ಟಿದ್ದೀರಿ, ಹಾಸ್ಟೆಲ್ ಎಷ್ಟು ವರ್ಷಕ್ಕೆ, ಗಾಯವಾದರೆ ಚಿಕಿತ್ಸೆ ಯಾರದು, ಆಟ ಬಿಟ್ಟರೆ ಓದು ಏನಾಗುತ್ತದೆ, ಕಾಗದಪತ್ರ ಯಾರ ಬಳಿ ಇರುತ್ತದೆ ಎಂಬ ಐದು ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಬರೆದು, ಪ್ರಾಂಶುಪಾಲರು ಸಹಿ ಮಾಡಿದ ಒಂದು ಹಾಳೆ. ಅಂದು ಆ ವೇದಿಕೆಯ ಮೇಲೆ ಹಿತವಚನ ಹೇಳುವ ಬದಲು ನಾನು ಕೇಳಬೇಕಾಗಿದ್ದದ್ದು ಅದನ್ನು. ಇಂದು ಬಹುಮಾನ ವಿತರಿಸಲು ಹೋಗುವ ಅಧಿಕಾರಿಗಳು, ಮುಖ್ಯೋಪಾಧ್ಯಾಯರು, ‘ಧೈರ್ಯವಾಗಿ ಕಳಿಸಿರಿ’ ಎನ್ನುವ ಮುನ್ನ ಆ ಹಾಳೆಯನ್ನು ಕೇಳಲಿ.